ಊರಿನ ಆರೋಗ್ಯದ ಪಹರೆ

ರೋಗ ಬಂದ ಮೇಲೆ ಅದನ್ನು ವಾಸಿಮಾಡುವ ವೈದ್ಯರನ್ನು ನಾವೆಲ್ಲರೂ ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಗುಣವಾದ ಮೇಲೆ ಅವರ ಮನೆಗೆ ಹಣ್ಣುಹಂಪಲು ಕಳುಹಿಸುವವರೂ ಉಂಟು. ಆದರೆ ರೋಗವು ಊರೊಳಗೆ ಕಾಲಿಡದಂತೆ ಬೆಳಗಿನ ಜಾವದಿಂದ ಬೀದಿ ಬೀದಿ ಅಲೆಯುವ ಮತ್ತೊಬ್ಬರಿದ್ದಾರೆ. ಅವರನ್ನು ನಗರಪಾಲಿಕೆಯ ಕಾಗದಪತ್ರಗಳಲ್ಲಿ ಆರೋಗ್ಯ ನಿರೀಕ್ಷಕರೆಂದೂ, ಜನರ ಬಾಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರೆಂದೂ ಕರೆಯುವುದು ವಾಡಿಕೆ. ಅವರು ಬಾಗಿಲಿಗೆ ಬಂದರೆಂದರೆ ಗೃಹಸ್ಥನ ಹುಬ್ಬು ಗಂಟಿಕ್ಕುತ್ತದೆ; ಅಂಗಡಿಯವನ ಎದೆ ಹಾರುತ್ತದೆ. ಇದಕ್ಕೆ ಕಾರಣವನ್ನು ಬಹು ದೂರ ಹುಡುಕಬೇಕಾಗಿಲ್ಲ. ವೈದ್ಯನು ಮಾಡಿದ ಉಪಕಾರವು ರೋಗಿಯ ಕಣ್ಣಿಗೆ ಕಾಣುತ್ತದೆ; ಬಾರದೆ ಹೋದ ರೋಗವನ್ನು ಕಂಡವರು ಯಾರು? ಈ ಉದ್ಯೋಗದ ಕಷ್ಟವೂ ಹಿರಿಮೆಯೂ ಇದರಲ್ಲಿಯೇ ಅಡಗಿವೆ. ನಮ್ಮ ಮೈಸೂರು ನಗರದ ನಿದರ್ಶನದಿಂದಲೇ ಇದನ್ನು ವಿಚಾರ ಮಾಡೋಣ.

ಮೈಸೂರಿಗೆ ಈ ಪಾಠವನ್ನು ಕಠೋರವಾಗಿ ಕಲಿಸಿದುದು ಪ್ಲೇಗುಮಾರಿ. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಆ ಜಾಡ್ಯವು 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಜನರು ಪಾತ್ರೆಪಡಗಗಳನ್ನು ಹೊತ್ತು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ವಾಸಿಸುತ್ತಿದ್ದ ಕಾಲವದು. 1891ರ ಖಾನೇಷುಮಾರಿಯಲ್ಲಿ ಸುಮಾರು 74 ಸಾವಿರವಿದ್ದ ಮೈಸೂರು ನಗರದ ಜನಸಂಖ್ಯೆಯು 1901ರಲ್ಲಿ ಸುಮಾರು 68 ಸಾವಿರಕ್ಕೆ ಇಳಿದಿತ್ತು. ಬೆಳೆಯಬೇಕಾಗಿದ್ದ ರಾಜಧಾನಿಯು ಹತ್ತು ವರ್ಷಗಳಲ್ಲಿ ಹೀಗೆ ಕುಗ್ಗಿತು. ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಹರಡುವುದೆಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪರೀಕ್ಷೆ ಮಾಡಿ ತೋರಿಸಿದುದು ಅದೇ 1898ರಲ್ಲಿ. ಹಾಗಾದರೆ ಶತ್ರುವಿನ ಕೋಟೆ ಎಲ್ಲಿ? ನಮ್ಮ ಕಣಜದಲ್ಲಿ, ಬೆಳಕು ಕಾಣದ ಉಗ್ರಾಣದಲ್ಲಿ, ಒತ್ತೊತ್ತಾಗಿ ಕಟ್ಟಿದ ಗಲ್ಲಿಗಳಲ್ಲಿ! ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನಲ್ಲಿ ನಗರದ ಸುಧಾರಣೆಗಾಗಿಯೇ ಒಂದು ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಅಗಲವಾದ ರಸ್ತೆಗಳೂ ಹೊಸ ಬಡಾವಣೆಗಳೂ ಹುಟ್ಟಿದವು. ಹಳೆಯ ಮೊಹಲ್ಲಾಗಳಲ್ಲಿ ಮನೆಗಳ ಹಿಂದೆ ಇಂದಿಗೂ ಕಾಣುವ ಕನ್ಸರ್ವೆನ್ಸಿ ಗಲ್ಲಿಗಳು ನೈರ್ಮಲ್ಯಕ್ಕಾಗಿಯೇ ಬಿಟ್ಟ ದಾರಿಗಳು.

ಆ ಕಾಲವು ಮತ್ತೊಂದು ಸತ್ಯವನ್ನೂ ತಿಳಿಸಿತು. 1897ರ ಸಾಂಕ್ರಾಮಿಕ ರೋಗಗಳ ಕಾನೂನು ಅಧಿಕಾರಿಗಳಿಗೆ ವಿಶೇಷ ಬಲವನ್ನು ಕೊಟ್ಟಿತ್ತು. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ, ಅಡಿಗೆಮನೆ ದೇವರಮನೆಗಳೆನ್ನದೆ ಶೋಧಿಸಿದರು. ಜನರ ಮನಸ್ಸು ಕುದಿಯಿತು. ಅದೇ ವರ್ಷ ಪ್ಲೇಗು ಅಧಿಕಾರಿಯಾದ ರ್‍ಯಾಂಡನ ಕೊಲೆಯಲ್ಲಿ ಅದು ಪರ್ಯವಸಾನವಾಯಿತು. ಬಲಾತ್ಕಾರದಿಂದ ಬಾಗಿಲು ತೆರೆಯಬಹುದು, ಮನಸ್ಸು ತೆರೆಯದು. ಮನೆಯವರ ಮನಸ್ಸು ತೆರೆಯದಿದ್ದರೆ ನಿರೀಕ್ಷಕನು ಬೆನ್ನು ತಿರುಗಿಸಿದೊಡನೆ ಕೊಳೆಯು ಸ್ವಸ್ಥಾನಕ್ಕೆ ಮರಳುತ್ತದೆ.

ಈಗ ನಿರೀಕ್ಷಕರ ದಿನಚರಿಯನ್ನು ನೋಡೋಣ. ನಾವು ಕಾಫಿಗೆ ಒಲೆ ಹಚ್ಚುವ ಮೊದಲೇ ಅವರು ತಮ್ಮ ವಾರ್ಡಿನಲ್ಲಿ ಪೌರಕಾರ್ಮಿಕರ ಹಾಜರಿ ತೆಗೆದುಕೊಳ್ಳುತ್ತಾರೆ. ಗುಡಿಸದ ಬೀದಿ, ಕಟ್ಟಿಕೊಂಡ ಮೋರಿ, ರಾತ್ರಿ ಯಾರೋ ಮೂಲೆಯಲ್ಲಿ ಸುರಿದುಹೋದ ಕಸ ಇವೆಲ್ಲಕ್ಕೂ ಉತ್ತರ ಹೇಳತಕ್ಕವರು ಅವರು. ಬಳಿಕ ಮಾರುಕಟ್ಟೆ, ಮಾಂಸದಂಗಡಿ, ಹೋಟೆಲುಗಳು. ಉದ್ದಿಮೆಯ ಪರವಾನಗಿ ಇದೆಯೇ, ಪಾತ್ರೆ ತೊಳೆದ ನೀರು ಎಲ್ಲಿಗೆ ಹರಿಯುತ್ತದೆ, ನಿಷೇಧಿಸಿದ ಪ್ಲಾಸ್ಟಿಕ್ ಚೀಲಗಳು ಗಲ್ಲಾಪೆಟ್ಟಿಗೆಯ ಕೆಳಗೆ ಅಡಗಿವೆಯೇ ಎಂದು ನೋಡಬೇಕು. ಆಹಾರದ ಮಾದರಿ ತೆಗೆದು ಪ್ರಯೋಗಶಾಲೆಗೆ ಕಳುಹಿಸುವ ಅಧಿಕಾರವು, 2006ರ ಆಹಾರ ಸುರಕ್ಷಾ ಕಾನೂನು 2011ರಲ್ಲಿ ಜಾರಿಗೆ ಬಂದಂದಿನಿಂದ, ಮುಖ್ಯವಾಗಿ ಆಹಾರ ಸುರಕ್ಷತಾ ಅಧಿಕಾರಿಗಳದು. ಆದರೂ ಹೋಟೆಲಿನ ಹಿಂಬಾಗಿಲಿನ ಶುಚಿತ್ವವು ನಗರಪಾಲಿಕೆಯ ಕಣ್ಣಿಗೇ ಬಿದ್ದದ್ದು. ದಸರಾ ಬಂದಿತೆಂದರೆ ಈ ಕೆಲಸ ಇಮ್ಮಡಿಯಾಗುತ್ತದೆ. ನಾವು ಜಂಬೂಸವಾರಿಯನ್ನು ನೋಡಿ ಮನೆ ಸೇರಿದ ಮೇಲೆ, ಲಕ್ಷಾಂತರ ಜನ ತುಳಿದುಹೋದ ರಸ್ತೆಗಳಲ್ಲಿ ಅವರ ರಾತ್ರಿ ಆರಂಭವಾಗುತ್ತದೆ.

ನೀರಿನ ವಿಚಾರವು ಇನ್ನೂ ಸೂಕ್ಷ್ಮ. ನಲ್ಲಿಯ ನೀರು ಶುದ್ಧೀಕರಣ ಕೇಂದ್ರದಲ್ಲಿ ಎಷ್ಟು ನಿರ್ಮಲವಾಗಿದ್ದರೂ ಮನೆಗೆ ಬರುವ ದಾರಿಯಲ್ಲಿ ಕೆಡಬಹುದು. ನೀರು ಬಿಡುವುದನ್ನು ನಿಲ್ಲಿಸಿದಾಗ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ. ಆಗ ಕೊಳವೆ ಒಡೆದಿದ್ದರೆ ಪಕ್ಕದ ಚರಂಡಿಯ ಹೊಲಸನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಆದುದರಿಂದಲೇ ಕೊಳವೆಯ ಕಟ್ಟಕಡೆಯ ನಲ್ಲಿಯಲ್ಲಿ ನೀರು ಹಿಡಿದು, ಲೀಟರೊಂದಕ್ಕೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸುವ ಕ್ರಮವಿದೆ. ಒಂದು ತೊಟ್ಟು ಔಷಧ ಹಾಕಿದಾಗ ನೀರು ಹಳದಿಗೆ ತಿರುಗಿದರೆ ಕ್ಲೋರಿನ್ ಉಳಿದಿದೆಯೆಂದು ಅರ್ಥ. ಬಣ್ಣ ಬಾರದಿದ್ದರೆ ಭಯಪಡಬೇಕು. 2024ರ ಮೇ ತಿಂಗಳಿನಲ್ಲಿ ಮೈಸೂರಿಗೆ ಸಮೀಪದ ಕೆ. ಸಾಲುಂಡಿ ಗ್ರಾಮದಲ್ಲಿ ಕಲುಷಿತವಾದ ನೀರು ಕುಡಿದು ಅನೇಕರು ವಾಂತಿಭೇದಿಯಿಂದ ನರಳಿದರು. ಒಬ್ಬ ತರುಣನು ಪ್ರಾಣ ಬಿಟ್ಟನು. ಕಾಲರಾ ಹಿಂದಿನವರ ಕಾಲದ ಮಾತೆಂದು ನಿಶ್ಚಿಂತೆಯಿಂದಿರುವವರು ಇದನ್ನು ನೆನೆಯಬೇಕು.

ನಿರೀಕ್ಷಕರು ತಾವೊಬ್ಬರೇ ಏನನ್ನೂ ಮಾಡಲಾರರು. ಅವರ ಕೈಕಾಲುಗಳೆಂದರೆ ಪೌರಕಾರ್ಮಿಕರು. ಮನುಷ್ಯನು ಮನುಷ್ಯನ ಮಲವನ್ನು ತಲೆಯ ಮೇಲೆ ಹೊರುವ ಹೀನ ಪದ್ಧತಿಯನ್ನು 1970ರ ದಶಕದ ಆದಿಯಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ, ನಮ್ಮ ರಾಜ್ಯದಲ್ಲಿ ನಿಷೇಧಿಸಲಾಯಿತು. 2013ರ ಕೇಂದ್ರ ಕಾನೂನು ಒಳಚರಂಡಿಯ ಗುಂಡಿಗಳಲ್ಲಿ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ಅಪರಾಧವೆಂದು ಸಾರಿತು. ಆ ಗುಂಡಿಯಲ್ಲಿ ಕೂಡಿಕೊಳ್ಳುವ ವಿಷವಾಯುವು ಒಂದೆರಡು ಉಸಿರಿನಲ್ಲಿ ಪ್ರಾಣ ತೆಗೆಯಬಲ್ಲುದು. “ಬೇಗ ಇಳಿದು ತೆಗೆದುಬಿಡಪ್ಪ, ಐನೂರು ಕೊಡುತ್ತೇನೆ” ಎನ್ನುವ ಗೃಹಸ್ಥನು ತಾನು ಎಂತಹ ಪಾಪಕ್ಕೆ ಬೆಲೆ ಕಟ್ಟುತ್ತಿದ್ದೇನೆಂದು ತಿಳಿಯನು. ಊರು ಶುಚಿಯಾಗಬೇಕೆಂದು ಅದನ್ನು ಶುಚಿ ಮಾಡುವವನು ಬಲಿಯಾಗಬಾರದು; ಇದನ್ನು ಕಾಯುವುದೂ ನಿರೀಕ್ಷಕರ ಧರ್ಮಗಳಲ್ಲೊಂದು.

ಈ ಕೆಲಸದಲ್ಲಿ ಪ್ರಲೋಭನವಿಲ್ಲವೆಂದು ಹೇಳಲಾಗದು. ತಳ್ಳುವ ಗಾಡಿಯ ಬಡವನಿಗೆ ದಂಡ ವಿಧಿಸುವುದು ಸುಲಭ; ದೊಡ್ಡ ಕಟ್ಟಡದವನಿಗೆ ನೋಟೀಸು ಕೊಟ್ಟರೆ ಸಂಜೆಯೊಳಗೆ ನಾಲ್ಕು ಕಡೆಯಿಂದ ಶಿಫಾರಸು ಬರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ಜನ ಆಡಿಕೊಳ್ಳುವುದು ಎಲ್ಲ ವೇಳೆಯಲ್ಲಿಯೂ ಸುಳ್ಳಲ್ಲ. ಆದರೆ ಶಿಫಾರಸು ಮಾಡುವವರೂ ನಮ್ಮಲ್ಲಿಯವರೇ ಅಲ್ಲವೇ? ಗಟ್ಟಿಯಾಗಿ ನಿಂತ ನಿರೀಕ್ಷಕನನ್ನು ನೆರೆಹೊರೆಯವರು ಬೆಂಬಲಿಸಿದರೆ ಅವನ ನೋಟೀಸಿಗೆ ತೂಕ ಬರುತ್ತದೆ. ಅವನು ಒಂಟಿಯಾದರೆ ಆ ಕಾಗದ ಕಸದ ಬುಟ್ಟಿ ಸೇರುತ್ತದೆ.

2015ರಲ್ಲಿ 476 ನಗರಗಳ ನಡುವೆಯೂ, 2016ರಲ್ಲಿ 73 ನಗರಗಳ ನಡುವೆಯೂ ಮೈಸೂರು ದೇಶದ ಅತ್ಯಂತ ಸ್ವಚ್ಛ ನಗರವೆಂದು ಮೊದಲ ಸ್ಥಾನ ಪಡೆಯಿತು. ಮರುವರ್ಷವೇ ಆ ಸ್ಥಾನ ಕೈತಪ್ಪಿತು. ಕೀರ್ತಿಯನ್ನು ಗೋಡೆಗೆ ತೂಗುಹಾಕಿ ಇಡಬಹುದು. ಶುಚಿತ್ವವನ್ನು ಪ್ರತಿದಿನವೂ ಹೊಸದಾಗಿ ಸಂಪಾದಿಸಬೇಕು.

ಹಾಗಾದರೆ ಗೃಹಸ್ಥರಾದ ನಾವು ಮಾಡತಕ್ಕುದೇನು? ಕಾನೂನಿನ ಕಣ್ಣು ಬೀದಿಯನ್ನು ಕಾಣುವಷ್ಟು ಚೆನ್ನಾಗಿ ನಮ್ಮ ಹಿತ್ತಲನ್ನು ಕಾಣಲಾರದು. ಡೆಂಗ್ಯೂ ಜ್ವರವನ್ನು ತರುವ ಈಡಿಸ್ ಸೊಳ್ಳೆಯು ಕೊಚ್ಚೆಯಲ್ಲಿ ಹುಟ್ಟುವುದಿಲ್ಲ. ನಾವು ತುಂಬಿಟ್ಟ ತಿಳಿನೀರಿನಲ್ಲಿ, ಹೂಕುಂಡದ ತಟ್ಟೆಯಲ್ಲಿ, ಮೂಲೆಗೆಸೆದ ತೆಂಗಿನ ಚಿಪ್ಪಿನಲ್ಲಿ ಹುಟ್ಟುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿ ಹಂಡೆಗಳನ್ನು ಬರಿದುಮಾಡಿ, ಒಳಗೋಡೆಯನ್ನು ಚೆನ್ನಾಗಿ ಉಜ್ಜಬೇಕು. ಏಕೆಂದರೆ ಗೋಡೆಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವದಿಂದಿರುತ್ತವೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡವನ್ನು ಗೊತ್ತುಮಾಡಿತು. ಆದರೆ ಮಗುವಿನ ಜ್ವರದ ಮುಂದೆ ಆ ದಂಡವು ಯಾವ ದೊಡ್ಡ ಮಾತು?

ಹಸಿ ಕಸವನ್ನೂ ಒಣ ಕಸವನ್ನೂ ಮನೆಯಲ್ಲಿಯೇ ಬೇರ್ಪಡಿಸಿ, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಗುರುತು ಹಾಕಿ ಕೊಟ್ಟರೆ, ಅದನ್ನು ಮುಟ್ಟುವ ಕೈ ರಕ್ತ ಸುರಿಸುವುದಿಲ್ಲ. ನಲ್ಲಿಯ ನೀರಿನ ಬಣ್ಣವಾಗಲಿ ವಾಸನೆಯಾಗಲಿ ಕೆಟ್ಟಿದ್ದರೆ ಅದೇ ದಿನ ತಿಳಿಸಿ, ಕುದಿಸಿ ಆರಿಸಿ ಕುಡಿಯಬೇಕು. ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ವಾಂತಿಭೇದಿ ಕಂಡರೆ ಮುಚ್ಚಿಡದೆ ಹೇಳಬೇಕು. ಒಂದು ಮನೆಯ ಸುದ್ದಿಯಿಂದ ಒಂದು ಬೀದಿಯೇ ಉಳಿದೀತು.

ಇವೆಲ್ಲವೂ ಮಕ್ಕಳಿಗೆ ಎಳವೆಯಲ್ಲಿಯೇ ಅಭ್ಯಾಸವಾಗಬೇಕು. ಗೃಹಿಣಿಯು ತನ್ನ ಅಡಿಗೆಮನೆಗೂ ಗೃಹಸ್ಥನು ತನ್ನ ಅಂಗಳಕ್ಕೂ ಆರೋಗ್ಯ ನಿರೀಕ್ಷಕರಾದರೆ, ನಗರಪಾಲಿಕೆಯ ನಿರೀಕ್ಷಕರಿಗೆ ಅರ್ಧ ಭಾರ ಇಳಿಯುವುದು. ಇನ್ನು ಮುಂದೆ ಅವರು ಬಾಗಿಲಿಗೆ ಬಂದಾಗ ಹುಬ್ಬು ಗಂಟಿಕ್ಕದೆ, ಒಂದು ಲೋಟ ನೀರು ಕೊಟ್ಟು, ಹಿತ್ತಲಿಗೆ ನಾವೇ ಕರೆದೊಯ್ದು ತೋರಿಸೋಣ.