ಜಠರದ ಕ್ರಿಮಿ: ನಳಿಕೆಯಿಲ್ಲದ ಪರೀಕ್ಷೆ

ಬರಿಹೊಟ್ಟೆಯಲ್ಲಿ ಉರಿ, ಉಂಡರೆ ಉಬ್ಬರ, ನಡುರಾತ್ರಿ ಸಂಕಟ. ಇದಕ್ಕೆ ‘ಗ್ಯಾಸ್ಟ್ರಿಕ್’ ಎಂದು ಹೆಸರಿಟ್ಟು, ಅಂಗಡಿಯ ಮಾತ್ರೆ ನುಂಗಿ, ಸಾರಿನ ಖಾರವನ್ನು ದೂರಿ ಸುಮ್ಮನಾಗುವುದು ನಮ್ಮ ತುಮಕೂರಿನ ಮನೆಮನೆಯ ವಾಡಿಕೆ. ಬಾಯಿಂದ ನಳಿಕೆ ಇಳಿಸಿ ನೋಡುವ ಎಂಡೋಸ್ಕೋಪಿಯೆಂದರೆ ಅನೇಕರಿಗೆ ಭಯ. ಗುಬ್ಬಿ, ಕುಣಿಗಲ್ಲಿನ ಹಳ್ಳಿಯವರಿಗಂತೂ ಅದು ಒಂದು ದಿನದ ಕೆಲಸ ಬಿಟ್ಟು ಪಟ್ಟಣಕ್ಕೆ ಬರುವ ಮಾತು. ಹೀಗೆಂದೇ ವರ್ಷಗಟ್ಟಲೆ ಮಾತ್ರೆಯಲ್ಲಿ ಕಾಲ ತಳ್ಳುವವರುಂಟು. ವಾಚಕರೇ, ಈ ನೋವಿನ ಒಂದು ಮುಖ್ಯ ಕಾರಣವನ್ನು ನಳಿಕೆಯಿಲ್ಲದೆಯೇ ಪತ್ತೆಮಾಡಬಹುದು.

ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಸುರುಳಿಯಾಕಾರದ ಸೂಕ್ಷ್ಮಜೀವಿಯೇ ಆ ಕಾರಣ. ಜಠರದ ಆಮ್ಲದಲ್ಲಿ ಯಾವ ಜೀವಿಯೂ ಬಾಳದೆಂದು ವೈದ್ಯಲೋಕ ನಂಬಿದ್ದ ಕಾಲದಲ್ಲಿ, 1982ರಲ್ಲಿ, ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು ಬೆಳೆಸಿ ತೋರಿಸಿದರು. ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಉಳಿದದ್ದೇ ಅನುಕೂಲವಾಯಿತು. 1984ರಲ್ಲಿ ಮಾರ್ಷಲ್ ಆ ಕ್ರಿಮಿಯನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಸಂದಿತು. ಮೊದಲು ಈ ಕ್ರಿಮಿಗೆ ‘ಪೈಲೋರಿಡಿಸ್’ ಎಂದು ಹೆಸರಿಟ್ಟಿದ್ದರು. ಲ್ಯಾಟಿನ್ ವ್ಯಾಕರಣಕ್ಕೆ ಒಗ್ಗದೆಂದು 1987ರಲ್ಲಿ ‘ಪೈಲೋರಿ’ ಎಂದು ತಿದ್ದಿದರು. ವಿಭಕ್ತಿ ಕಲಿಸುವ ನನ್ನಂಥವನಿಗೆ ಇದೊಂದು ಸಮಾಧಾನ. ಪೈಲೋರಸ್ ಎಂದರೆ ಗ್ರೀಕ್ ಮೂಲದಲ್ಲಿ ದ್ವಾರಪಾಲಕ. ಕಳ್ಳ ಸೇರಿಕೊಂಡದ್ದು ಅವನ ಬಳಿಯಲ್ಲೇ!

ಇದಿದ್ದವರೆಲ್ಲರೂ ನರಳುವುದಿಲ್ಲ. ಆದರೆ ಜಠರದ ಹುಣ್ಣಿಗೆ ಇದು ದೊಡ್ಡ ಕಾರಣ. ಜಠರದ ಕ್ಯಾನ್ಸರಿಗೂ ಕಾರಣವೆಂದು 1994ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿದೆ.

ಈ ಕ್ರಿಮಿ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು, ಅದನ್ನೇ ಕವಚವಾಗಿ ಹೊದ್ದು ಆಮ್ಲದಿಂದ ಪಾರಾಗುತ್ತದೆ. ಉಸಿರಿನ ಪರೀಕ್ಷೆ ನಿಂತಿರುವುದು ಈ ಗುಟ್ಟಿನ ಮೇಲೆ. ತುಸು ಭಾರವಾದ ಇಂಗಾಲ ಸೇರಿಸಿದ ಯೂರಿಯಾವನ್ನು ಕುಡಿಸುತ್ತಾರೆ. ಕ್ರಿಮಿಯಿದ್ದರೆ ಆ ಇಂಗಾಲ ಸ್ವಲ್ಪ ಹೊತ್ತಿನಲ್ಲೇ ಉಸಿರಿನಲ್ಲಿ ಹೊರಬರುತ್ತದೆ. ಮಲದಲ್ಲಿ ಕ್ರಿಮಿಯ ಅಂಶವನ್ನು ಹುಡುಕುವ ಆಂಟಿಜೆನ್ ಪರೀಕ್ಷೆಯೂ ಉಂಟು.

ಹೊಸದು ಪಿ.ಸಿ.ಆರ್. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆ ಈ ಹೆಸರು ಹೊಸದಲ್ಲ. ಮಲದಲ್ಲಿರುವ ಕ್ರಿಮಿಯ ಡಿ.ಎನ್.ಎ. ತುಣುಕನ್ನು ಲಕ್ಷಗಟ್ಟಲೆ ಪ್ರತಿಮಾಡಿ ಓದುವ ಕ್ರಮವಿದು. ರೋಗಿ ಪ್ರಯಾಣ ಮಾಡಬೇಕಿಲ್ಲ, ಡಬ್ಬಿ ಪ್ರಯಾಣ ಮಾಡಿದರೆ ಸಾಕು. ಇದರ ನಿಜವಾದ ಹೆಚ್ಚುಗಾರಿಕೆ ಬೇರೆಯಿದೆ. ಕ್ಲಾರಿಥ್ರೋಮೈಸಿನ್ ಎಂಬ ಔಷಧಕ್ಕೆ ಕ್ರಿಮಿ ಮಣಿಯುತ್ತದೆಯೋ ಇಲ್ಲವೋ ಎಂಬುದನ್ನೂ ಇದು ತಿಳಿಸಬಲ್ಲದು. ವಂಶವಾಹಿಯಲ್ಲಿ ಒಂದಕ್ಷರ ಬದಲಾದರೆ ಆ ಔಷಧ ನಾಟುವುದಿಲ್ಲ. ‘ಹಾಲು’ ಎಂಬುದು ‘ಹಾಳು’ ಆಗಲು ಒಂದಕ್ಷರ ಸಾಲದೆ? ಮಾತ್ರೆಯನ್ನು ಅರ್ಧಕ್ಕೆ ಬಿಡುವ, ಚೀಟಿಯಿಲ್ಲದೆ ಕೊಳ್ಳುವ ನಮ್ಮ ಅಭ್ಯಾಸದಿಂದ ಇಂಥ ಮೊಂಡು ಕ್ರಿಮಿಗಳು ಹೆಚ್ಚುತ್ತವೆ. ಯಾವ ಔಷಧ ವ್ಯರ್ಥವೆಂದು ಮೊದಲೇ ತಿಳಿದರೆ ಹಣವೂ ಉಳಿಯಿತು, ದಿನವೂ ಉಳಿಯಿತು. ಆದರೆ ಈ ಪರೀಕ್ಷೆ ಎಲ್ಲ ಪ್ರಯೋಗಶಾಲೆಗಳಲ್ಲಿ ನಡೆಯುವುದಿಲ್ಲ, ವೈದ್ಯರನ್ನು ವಿಚಾರಿಸಬೇಕು.

ಪರೀಕ್ಷೆಗೆ ಮುಂಚೆ ಒಂದು ಪಥ್ಯವಿದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮೊದಲಾದ ಆಮ್ಲ ತಗ್ಗಿಸುವ ಮಾತ್ರೆಗಳನ್ನು ಎರಡು ವಾರವೂ, ಆಂಟಿಬಯಾಟಿಕ್‌ಗಳನ್ನು ನಾಲ್ಕು ವಾರವೂ ವೈದ್ಯರ ಅನುಮತಿ ಪಡೆದು ನಿಲ್ಲಿಸಿರಬೇಕು. ಇಲ್ಲವಾದರೆ ಕ್ರಿಮಿ ಅಡಗಿ, ‘ಇಲ್ಲ’ ಎಂಬ ಸುಳ್ಳು ಉತ್ತರ ಬಂದೀತು. ರಕ್ತದ ಪರೀಕ್ಷೆ ಹಳೆಯ ಸೋಂಕಿನ ಗುರುತನ್ನೂ ತೋರಿಸುವುದರಿಂದ ಈಗಿನ ಸ್ಥಿತಿಗೆ ಅದನ್ನು ನಂಬುವಂತಿಲ್ಲ. ಚಿಕಿತ್ಸೆ ಮುಗಿದು ನಾಲ್ಕು ವಾರ ಕಳೆದ ಮೇಲೆ ಉಸಿರಿನ ಅಥವಾ ಮಲದ ಆಂಟಿಜೆನ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ನೋವು ಹೋಯಿತೆಂದರೆ ಕ್ರಿಮಿಯೂ ಹೋಯಿತೆಂದಲ್ಲ.

ಮಲ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ನುಂಗುವುದು ಕಷ್ಟವಾದರೆ ಈ ಸುಲಭದ ದಾರಿ ಸಲ್ಲದು. ಆಗ ನಳಿಕೆಗೆ ಹೆದರದೆ ಅಂದೇ ಆಸ್ಪತ್ರೆಗೆ ಹೋಗಬೇಕು.