ಹಳೆಯ ಚಿಕ್ಕ ಟ್ರ್ಯಾಕ್ಟರ್ ಮನೆಗೆ ಬಂದಾಗ

ಜತ್ತ ತಾಲ್ಲೂಕಿನ ದ್ರಾಕ್ಷಿ, ದಾಳಿಂಬೆ ತೋಟಗಳ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ಸಲೀಸಾಗಿ ತಿರುಗದು. ಅಲ್ಲಿ ಬೇಕಾಗುವುದು 18.5 ಅಶ್ವಶಕ್ತಿಯ ಮಿತ್ಸುಬಿಷಿ ಶಕ್ತಿ, 15 ಅಶ್ವಶಕ್ತಿಯ ಮಹೀಂದ್ರಾ ಯುವರಾಜ್‌ನಂಥ ಚಿಕ್ಕ ಯಂತ್ರ. ಹೊಸದನ್ನು ಕೊಳ್ಳಲು ಶಕ್ತಿ ಸಾಲದ ಕುಟುಂಬಗಳು ಹತ್ತು ಹದಿನೈದು ವರ್ಷ ದುಡಿದ ಯಂತ್ರವನ್ನು ಮನೆಗೆ ತರುತ್ತವೆ. ಅದರೊಡನೆ ಬರಬೇಕಾದ ಕೈಪಿಡಿ ಬಹುತೇಕ ಕಳೆದುಹೋಗಿರುತ್ತದೆ. ಉಳಿದಿದ್ದರೂ ಅದು ಕನ್ನಡದಲ್ಲಿರುವುದು ಅಪರೂಪ. ನಮ್ಮ ಶಾಲೆಗಳ ಪಾಲಕರು ಕನ್ನಡದಲ್ಲಿ ಓದಬಲ್ಲರು, ಆದರೆ ಓದಲು ಏನೂ ಇಲ್ಲ. ಆದ್ದರಿಂದ ಈ ಬರಹ.

ಕೊಳ್ಳಲು ಹೋದಾಗ ಮೊದಲು ಇಂಜಿನ್ನಿನ ಮೇಲೆ ಕೈಯಿಟ್ಟು ನೋಡಬೇಕು. ಅದು ಬೆಚ್ಚಗಿದ್ದರೆ, ನಾವು ಬರುವ ಮುನ್ನವೇ ಮಾರುವವರು ಚಾಲೂ ಮಾಡಿಟ್ಟಿದ್ದಾರೆಂದು ಅರ್ಥ. ಹಳೆಯ ಡೀಸೆಲ್ ಇಂಜಿನ್ನಿನ ಗುಟ್ಟು ಹೊರಬೀಳುವುದು ಅದು ತಣ್ಣಗಿರುವಾಗಲೇ. ಬೆಳಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಸ್ವಲ್ಪ ಬಿಳಿಯ ಹೊಗೆ ಬಂದು ಮಾಯವಾದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ. ಭಾರವಿಲ್ಲದಿದ್ದರೂ ಕಪ್ಪು ಹೊಗೆ ಬಂದರೆ ಗಾಳಿಯ ಫಿಲ್ಟರ್ ಕಟ್ಟಿದೆ, ಇಲ್ಲವೆ ನಾಜಲ್ ಕೆಟ್ಟಿದೆ. ಆಯಿಲ್ ಅಳೆಯುವ ಕಡ್ಡಿಯಲ್ಲಿ ಹಾಲು ಬೆರೆತಂತಹ ಬಣ್ಣ ಕಂಡರೆ ಆಯಿಲಿಗೆ ನೀರು ಸೇರಿದೆಯೆಂದೇ ತಿಳಿಯಬೇಕು. ಅಂತಹ ಯಂತ್ರದ ಚೌಕಾಸಿಗೂ ಕೂರಬಾರದು.

ಗಡಿಯಲ್ಲಿ ವಾಸಿಸುವ ನಮಗೆ ಕಾಗದಪತ್ರಗಳದ್ದು ಇನ್ನೊಂದು ತೊಡಕು. ವಿಜಯಪುರದ ಕೆಎ 28 ಸಂಖ್ಯೆಯ ಟ್ರ್ಯಾಕ್ಟರನ್ನು ಕೊಂಡು ಸಾಂಗ್ಲಿಯ ಎಂಎಚ್ 10ಕ್ಕೆ ಬದಲಿಸಬೇಕಾದರೆ, ಮೂಲ ಆರ್‌ಟಿಒ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ಹಳೆಯ ಮಾಲೀಕರು ಬ್ಯಾಂಕಿನ ಸಾಲದಲ್ಲಿ ಕೊಂಡಿದ್ದರೆ, ಸಾಲ ತೀರಿದೆಯೆಂದು ಬ್ಯಾಂಕು ಸಹಿ ಮಾಡಿದ ನಮೂನೆ 35 ಕೈಗೆ ಬರುವವರೆಗೆ ಪೂರ್ಣ ಹಣ ಕೊಡಬಾರದು. ಒಂದು ರಾಜ್ಯದ ವಾಹನ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಹೊಸ ನೋಂದಣಿ ಸಂಖ್ಯೆ ಪಡೆಯುವುದು ಕಡ್ಡಾಯ. ಊರೊಳಗೇ ಓಡಾಡುವ ಯಂತ್ರಕ್ಕೆ ಇದೆಲ್ಲ ಏಕೆ ಎನ್ನುವವರಿದ್ದಾರೆ. ಅಪಘಾತವಾದ ದಿನ ವಿಮೆಯವರು ಕೇಳುವುದು ಇದನ್ನೇ.

ಇನ್ನು ಚಾಲೂ ಮಾಡುವ ವಿಷಯ. ಡೀಸೆಲ್ ಇಂಜಿನ್ನಿನಲ್ಲಿ ಬೆಂಕಿಯ ಕಿಡಿ ಇರುವುದಿಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತಾರೆ. ಆ ಕಾದ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಚಳಿಗಾಲದ ಬೆಳಗ್ಗೆ ಗಾಳಿ ಸಾಕಷ್ಟು ಕಾಯದಿರುವುದರಿಂದ ಅನೇಕ ಚಿಕ್ಕ ಇಂಜಿನ್ನುಗಳಿಗೆ ಹೀಟರ್ ಪ್ಲಗ್ ಕೊಟ್ಟಿರುತ್ತಾರೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಆಯಿಲ್, ರೇಡಿಯೇಟರಿನ ನೀರು, ಡೀಸೆಲ್ ನೋಡಿಕೊಂಡ ಮೇಲೆ ಗೇರ್ ನ್ಯೂಟ್ರಲ್‌ನಲ್ಲಿರಲಿ, ಪಿಟಿಒ ಬಿಟ್ಟಿರಲಿ, ಕ್ಲಚ್ ಒತ್ತಿರಲಿ. ಕೀಲಿಯನ್ನು ಹೀಟರಿನ ಸ್ಥಾನದಲ್ಲಿ ಹತ್ತಿಪ್ಪತ್ತು ಸೆಕೆಂಡು ಹಿಡಿದು, ಆಮೇಲೆ ಸ್ಟಾರ್ಟರ್ ತಿರುಗಿಸಬೇಕು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ನಡುವೆ ಅರ್ಧ ನಿಮಿಷ ಬಿಡುವು ಕೊಡದಿದ್ದರೆ ಬ್ಯಾಟರಿಯೂ ಸ್ಟಾರ್ಟರೂ ಕೂಡಿ ಕೆಡುತ್ತವೆ. ಗಾಳಿ ಎಳೆಯುವ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವುದು, ಈಥರ್ ಸಿಂಪಡಿಸುವುದು ಜಾಣತನವಲ್ಲ. ಹೀಟರ್ ಪ್ಲಗ್ ಇರುವ ಇಂಜಿನ್ನಿನಲ್ಲಿ ಈಥರ್ ಸಿಡಿದೇಳಬಹುದು.

ಚಾಲೂ ಆದೊಡನೆ ಆಯಿಲ್ ಒತ್ತಡದ ದೀಪ ಆರಬೇಕು. ಆರದಿದ್ದರೆ ತಕ್ಷಣ ನಿಲ್ಲಿಸಬೇಕು. ನಿಲ್ಲಿಸುವುದು ಹೇಗೆಂಬುದನ್ನು ಮೊದಲೇ ತಿಳಿದಿರಬೇಕು: ಹಳೆಯ ಡೀಸೆಲ್ ಯಂತ್ರಗಳು ಅನೇಕವು ಕೀಲಿ ತಿರುಗಿಸಿದರೆ ನಿಲ್ಲುವುದಿಲ್ಲ, ಡೀಸೆಲ್ ತಡೆಯುವ ಗುಂಡಿಯನ್ನು ಎಳೆದೇ ನಿಲ್ಲಿಸಬೇಕು. ಮನೆಯ ಪ್ರತಿಯೊಬ್ಬರಿಗೂ, ಓಡಿಸದ ತಾಯಂದಿರಿಗೂ ಅಜ್ಜಂದಿರಿಗೂ, ಆ ಗುಂಡಿಯನ್ನು ತೋರಿಸಿಡುವುದು ಒಳ್ಳೆಯದು.

ಹೊಸಬರನ್ನು ಹೆಚ್ಚು ಕಾಡುವುದು ಏರ್ ಹಿಡಿಯುವ ತೊಂದರೆ. ಟ್ಯಾಂಕ್ ಪೂರ್ತಿ ಖಾಲಿಯಾದರೆ ಅಥವಾ ಫಿಲ್ಟರ್ ಬದಲಿಸಿದರೆ ಡೀಸೆಲ್ ದಾರಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಆಗ ಸ್ಟಾರ್ಟರ್ ಎಷ್ಟು ತಿರುಗಿಸಿದರೂ ಇಂಜಿನ್ ಏಳದು. ಇದಕ್ಕಾಗಿ ಮಿಸ್ತ್ರಿಯನ್ನು ಕರೆಸಬೇಕಾಗಿಲ್ಲ. ಡೀಸೆಲ್ ತುಂಬಿಸಿ, ಫಿಲ್ಟರಿನ ತಲೆಯ ಮೇಲಿನ ಸಣ್ಣ ತಿರುಪನ್ನು ಸಡಿಲಿಸಿ, ಕೈಪಂಪು ಒತ್ತುತ್ತ ಹೋಗಬೇಕು. ಮೊದಲು ಗುಳ್ಳೆ ಬೆರೆತ ಡೀಸೆಲ್ ಬರುತ್ತದೆ. ಗುಳ್ಳೆ ನಿಂತು ತಿಳಿಯಾಗಿ ಹರಿದಾಗ ತಿರುಪನ್ನು ಬಿಗಿಯಬೇಕು. ಇಂಜೆಕ್ಷನ್ ಪಂಪಿನ ತಿರುಪಿನಲ್ಲಿಯೂ ಹೀಗೆಯೇ. ಆದರೆ ನಾಜಲ್ಲಿಗೆ ಹೋಗುವ ಉಕ್ಕಿನ ನಳಿಕೆಗಳ ತಂಟೆಗೆ ಕಲಿಯದೆ ಹೋಗಬಾರದು. ಅಲ್ಲಿ ಡೀಸೆಲ್ ಚರ್ಮವನ್ನು ತೂರಿ ಒಳಹೊಗುವಷ್ಟು ಒತ್ತಡದಲ್ಲಿ ಚಿಮ್ಮುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ಭಾಗದ ಧೂಳಿಗೆ ಒಂದು ಮಾತು. ಹಳೆಯ ಯಂತ್ರಗಳಲ್ಲಿ ಗಾಳಿಯ ಫಿಲ್ಟರಿನ ತಳದ ಬಟ್ಟಲಲ್ಲಿ ಆಯಿಲ್ ಇರುತ್ತದೆ. ಧೂಳು ಅದರಲ್ಲಿ ಸಿಕ್ಕಿ ಕೆಸರಾಗುತ್ತದೆ. ರೋಟವೇಟರ್ ಹೊಡೆಯುವ ದಿನಗಳಲ್ಲಿ ಇದನ್ನು ದಿನವೂ ಬಿಚ್ಚಿ ನೋಡಬೇಕು.

ಈಗ ಪಾಲಕರಿಗೆ ಹೇಳಲೇಬೇಕಾದದ್ದು. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಬಿಡಲು ಬರುವ ತಂದೆಯರನ್ನು ನಾವು ಗೇಟಿನಲ್ಲಿ ಕಾಣುತ್ತೇವೆ. ಟ್ರ್ಯಾಕ್ಟರಿನಲ್ಲಿ ಇರುವುದು ಒಂದೇ ಆಸನ. ಗುಂಡಿಗೆ ಚಕ್ರ ಇಳಿದಾಗ ಮಗು ಬೀಳುವುದು ಹಿಂದಿನ ದೊಡ್ಡ ಗಾಲಿಯ ಮುಂದೆ. ಪಿಟಿಒ ದಂಡ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಸೆರಗು, ಓಢಣಿ, ಪಂಚೆಯ ಅಂಚು ಅದಕ್ಕೆ ಸುತ್ತಿಕೊಂಡರೆ ಕೈ ಹಿಂದೆಗೆಯಲು ಸಮಯವೇ ಸಿಗದು. ಮಾರುವವರು ಅದರ ಮುಚ್ಚಳವನ್ನು ಕಳೆದುಕೊಂಡಿದ್ದರೆ ಮೊದಲ ಖರ್ಚು ಅದರ ಮೇಲೆಯೇ ಆಗಲಿ. ಸಿಕ್ಕಿಬಿದ್ದ ಟ್ರಾಲಿಯನ್ನು ಎಳೆಯುವ ಸರಪಳಿಯನ್ನು ಕೆಳಗಿನ ಕೊಂಡಿಗಲ್ಲದೆ ಮೇಲಿನ ಯಾವುದಕ್ಕೂ ಕಟ್ಟಬಾರದು. ಯಂತ್ರ ಹಿಮ್ಮೊಗವಾಗಿ ಮಗುಚುತ್ತದೆ.

ಒಂಬತ್ತನೆಯ ತರಗತಿಯ ಮಗ ಟ್ರ್ಯಾಕ್ಟರ್ ಓಡಿಸುತ್ತಾನೆಂಬ ಹೆಮ್ಮೆಯ ಮಾತನ್ನೂ ನಾವು ಪಾಲಕರ ಸಭೆಯಲ್ಲಿ ಕೇಳಿದ್ದೇವೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಈ ಕಾಯ್ದೆಯಡಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಆ ಮಗನಿಗೆ ಬೇರೆ ಕೆಲಸವಿದೆ. ಇನ್ನೂರು ಪುಟದ ಒಂದು ವಹಿಯಲ್ಲಿ ಅವರ್ ಮೀಟರಿನ ಅಂಕಿ, ಆಯಿಲ್ ಬದಲಿಸಿದ ದಿನ, ಫಿಲ್ಟರಿನ ನಂಬರು, ಹಾಕಿಸಿದ ಡೀಸೆಲ್, ಮಿಸ್ತ್ರಿ ಬಿಚ್ಚಿದ ಭಾಗದ ಹೆಸರು, ಇವನ್ನು ಕನ್ನಡದಲ್ಲಿ ಬರೆದಿಡಲಿ. ಮಿಸ್ತ್ರಿ ಮರಾಠಿಯಲ್ಲಿ ಹೇಳಿದ ಹೆಸರನ್ನೂ ಪಕ್ಕದಲ್ಲಿ ಬರೆಯಲಿ. ಸಾಂಗ್ಲಿಯ ಅಂಗಡಿಯಲ್ಲಿ ಬಿಡಿಭಾಗ ಕೇಳುವಾಗ ಬೇಕಾಗುವುದು ಅದೇ ಹೆಸರು.