ನಂಬರ್ ಆಮೇಲೆ, ಮೊದಲು ನಿಮ್ಮ ಕೆಲಸ ಹೇಳಿ

"ಮೇಡಂ, ನಂಬರ್ ಎಷ್ಟು ಬಂತು?" ಕುರ್ಚಿಯಲ್ಲಿ ಕೂತು ಎರಡು ನಿಮಿಷ ಆಗಿರಲ್ಲ, ಈ ಪ್ರಶ್ನೆ ಬರುತ್ತೆ.

ನಾನು ಆಪ್ಟೋಮೆಟ್ರಿಸ್ಟ್. ಕೆಲವರು ಡಾಕ್ಟರ್ ಅಂತಾರೆ, ಕೆಲವರು ಕನ್ನಡಕದ ಅಂಗಡಿಯವಳು ಅಂತಾರೆ. ಎರಡೂ ಅಲ್ಲ. ಪಿಯುಸಿ ಸೈನ್ಸ್ ಆದ ಮೇಲೆ ನಾಲ್ಕು ವರ್ಷ ಬಿ.ಆಪ್ಟೋಮ್ ಓದಿದೆ, ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ದೃಷ್ಟಿ ಪರೀಕ್ಷೆ, ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್ ನಮ್ಮ ಕೆಲಸ. ಕಾಯಿಲೆಯ ಸುಳಿವು ಸಿಕ್ಕರೆ ಕಣ್ಣಿನ ವೈದ್ಯರ ಹತ್ತಿರ ಕಳಿಸುತ್ತೇವೆ. ಆಪರೇಷನ್ ಮಾಡುವವರು ಅವರು.

ಇಂಟರ್ನ್‌ಶಿಪ್‌ನಲ್ಲಿ ಐವತ್ತರ ಆಸುಪಾಸಿನ ಟೈಲರ್ ಒಬ್ಬರಿಗೆ ಓದುವ ಕನ್ನಡಕ ಬರೆದುಕೊಟ್ಟೆ. ಚಾರ್ಟ್ ಓದಿದರು, ಕೈಯಲ್ಲಿ ಹಿಡಿದ ಕಾರ್ಡೂ ಓದಿದರು. ನನಗೆ ಖುಷಿ. ಎರಡೇ ವಾರಕ್ಕೆ ವಾಪಸ್ ಬಂದರು. "ಪೇಪರ್ ಚೆನ್ನಾಗಿ ಕಾಣುತ್ತೆ ಕಣಮ್ಮ. ಮಷೀನ್ ಸೂಜಿ ಕಾಣಲ್ಲ. ಎರಡು ಬ್ಲೌಸ್ ಹಾಳಾಯ್ತು, ಗಿರಾಕಿಗೆ ದುಡ್ಡು ವಾಪಸ್ ಕೊಟ್ಟೆ."

ನಮ್ಮ ಸೀನಿಯರ್ ಕೇಳಿದ್ದು ಒಂದೇ: "ಏನು ಕೆಲಸ ಮಾಡ್ತಾರೆ ಅಂತ ಕೇಳಿದ್ಯಾ?" ಕೇಳಿರಲಿಲ್ಲ. ನಾನು ಕೊಟ್ಟ ಪವರ್ 40 ಸೆಂಟಿಮೀಟರ್ ದೂರಕ್ಕೆ. ಅವರ ಕೊರಳಲ್ಲಿದ್ದ ಟೇಪಿನಿಂದಲೇ ಅಳೆದಾಗ, ಸೂಜಿ ಇದ್ದದ್ದು 60ರ ಹತ್ತಿರ. ಪವರ್ ಸ್ವಲ್ಪ ಇಳಿಸಿದೆವು, ಸರಿಹೋಯಿತು. ಹಾಳಾದ ಬ್ಲೌಸ್ ಮಾತ್ರ ಇವತ್ತಿಗೂ ನೆನಪಿದೆ.

ಅವತ್ತಿಂದ ಲೆನ್ಸ್ ಮುಟ್ಟೋ ಮೊದಲು ಪ್ರಶ್ನೆ ಕೇಳ್ತೀನಿ. ಏನು ಕೆಲಸ? ಸ್ಕ್ರೀನ್ ಎಷ್ಟು ದೂರ? ತಲೆನೋವು ಬೆಳಿಗ್ಗೆಯೋ, ಸಂಜೆಯೋ? ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯಾ? ಗ್ಲಾಕೋಮಾ ಶುರುವಿನಲ್ಲಿ ಸಾಮಾನ್ಯವಾಗಿ ನೋವು ಕೊಡಲ್ಲ, ಗೊತ್ತೂ ಆಗಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಇದ್ದರೆ ನಿಮಗೂ ಅಪಾಯ ಹೆಚ್ಚು.

ಕಂಪ್ಯೂಟರ್ ಟೆಸ್ಟ್ ಒಂದೇ ಸಾಕು ಅಂದುಕೊಳ್ಳಬೇಡಿ. ವಯಸ್ಸು ಚಿಕ್ಕದಿದ್ದಷ್ಟೂ ಕಣ್ಣಿನ ಫೋಕಸ್ ಮಾಡುವ ಸ್ನಾಯು ಚುರುಕು. ಮಷೀನ್ ಒಳಗೆ ನೋಡುವಾಗ ಅದು ಬಿಗಿಯಾದರೆ ಮೈನಸ್ ನಂಬರ್ ಇರೋದಕ್ಕಿಂತ ಜಾಸ್ತಿ ತೋರಿಸಬಹುದು. ಹಾಗಾಗಿ ಮಷೀನ್ ಕೊಟ್ಟಿದ್ದನ್ನು ಲೆನ್ಸ್ ಇಟ್ಟು ಮತ್ತೆ ಪರೀಕ್ಷೆ ಮಾಡ್ತೀವಿ. ಕೆಲವರಿಗೆ ಹೊಸ ನಂಬರೇ ಬೇಕಿರಲ್ಲ. ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸೋದು ಕಡಿಮೆ, ಕಣ್ಣು ಒಣಗುತ್ತೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರ, 20 ಸೆಕೆಂಡ್ ನೋಡಿ.

ಮುಂದಿನ ಸಲ ಟೆಸ್ಟ್‌ಗೆ ಹೋಗುವಾಗ ಹಳೇ ಕನ್ನಡಕ ತಗೊಂಡು ಹೋಗಿ. ಕಣ್ಣಿಂದ ಲ್ಯಾಪ್‌ಟಾಪ್‌ಗೆ ಎಷ್ಟು ದೂರ ಅಂತ ಮನೆಯಲ್ಲೇ ಒಮ್ಮೆ ಅಳೆದುಕೊಳ್ಳಿ. ಯಾರೂ ಕೇಳದಿದ್ದರೆ ನೀವೇ ಹೇಳಿ.